ತಪ್ಪದೆ ಕಟ್ಟಿದರೂ ಕರೆಂಟು ಬಾಕಿ ಬೆಳೆಯೋದು ಹೇಗೆ?

ಕರೆಂಟು ಬಿಲ್ಲನ್ನು ನಾನು ಒಂದು ತಿಂಗಳೂ ತಪ್ಪಿಸಿದವನಲ್ಲ. ತಿಂಗಳ ಮೊದಲ ವಾರ ಬ್ಯಾಂಕಿನಿಂದ ತಾನಾಗೇ ದುಡ್ಡು ಹೋಗುತ್ತಿತ್ತು. ನಾನು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹೊಸ ಮನೆಗೆ ಬಂದು ವರ್ಷ ತುಂಬಿದ ಮೇಲೆ ಒಂದು ಪತ್ರ ಬಂತು. ನಿಮ್ಮ ಖಾತೆಯಲ್ಲಿ ಬಾಕಿ ಇದೆ, ಇಷ್ಟು ದಿನದೊಳಗೆ ಕಟ್ಟಿ ಅಂತ. ಮೊತ್ತ ನೋಡಿದರೆ ನಾನು ತಿಂಗಳಿಗೆ ಕಟ್ಟುತ್ತಿದ್ದ ದುಡ್ಡಿನ ಮೂರು ಪಟ್ಟು. ಯಾರದೋ ಪತ್ರ ನಮ್ಮ ಮನೆಗೆ ಬಂದಿದೆ ಅಂದುಕೊಂಡೆ. ಹೆಸರು ನೋಡಿದೆ, ನನ್ನದೇ.

ಮೂರು ವಾರ ಆ ಪತ್ರವನ್ನು ಫ್ರಿಜ್ಜಿನ ಮೇಲೆ ಇಟ್ಟು ಸುಮ್ನಿದ್ದೆ. ಅದು ತಪ್ಪು, ಆದರೆ ತುಂಬಾ ಜನ ಮಾಡುವ ತಪ್ಪು. ಆಮೇಲೆ ಹಳೇ ಬಿಲ್ಲುಗಳನ್ನೆಲ್ಲ ಹರಡಿಕೊಂಡು ಕೂತೆ. ಪ್ರತಿ ಬಿಲ್ಲಿನಲ್ಲೂ ಮೀಟರ್ ರೀಡಿಂಗ್ ಪಕ್ಕ ಸಣ್ಣ ಅಕ್ಷರದಲ್ಲಿ ಒಂದೇ ಮಾತು: ಅಂದಾಜು. ಹನ್ನೆರಡು ತಿಂಗಳು ಯಾರೂ ಮೀಟರ್ ನೋಡಿರಲಿಲ್ಲ. ಹಿಂದೆ ಆ ಮನೆಯಲ್ಲಿ ಒಬ್ಬರೇ ಇದ್ದರು. ನಾವು ನಾಲ್ಕು ಜನ. ಅವರು ಉರಿಸಿದಷ್ಟೇ ನಾವೂ ಉರಿಸುತ್ತೇವೆ ಅಂತ ಕಂಪ್ಯೂಟರ್ ಲೆಕ್ಕ ಹಾಕಿತ್ತು. ನಾನು ಆ ಲೆಕ್ಕಕ್ಕೆ ಶಿಸ್ತಾಗಿ ದುಡ್ಡು ಕಟ್ಟಿದ್ದೆ.

ಬಾಕಿ ಅಂದರೆ ಯಾರೋ ಕಟ್ಟದೇ ಉಳಿಸಿಕೊಂಡಿದ್ದು ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಮನೆಗಳಲ್ಲಿ ಅದು ಹಾಗಲ್ಲ. ಹೇಳಿದಷ್ಟು ಕಟ್ಟಿದ್ದಾರೆ, ಹೇಳಿದ್ದೇ ಕಡಿಮೆ. ಪ್ರತಿ ತಿಂಗಳೂ ಒಂದೇ ಮೊತ್ತ ಕಟ್ಟುವ ಪದ್ಧತಿ ಇರುವ ಕಡೆಯೆಲ್ಲ ಇದು ಇದ್ದದ್ದೇ. ಬ್ರಿಟನ್, ಜರ್ಮನಿಯಲ್ಲಿ ಅದೇ ವಾಡಿಕೆ. ಅಮೆರಿಕದಲ್ಲೂ ಬೇಕಾದವರು ಆರಿಸಿಕೊಳ್ಳಬಹುದು. ವರ್ಷಕ್ಕೆ ಎಷ್ಟು ಖರ್ಚಾಗಬಹುದು ಅಂತ ಅಂದಾಜು ಮಾಡಿ, ಹನ್ನೆರಡರಿಂದ ಭಾಗಿಸಿ, ಅಷ್ಟನ್ನು ತಿಂಗಳ ಕಂತು ಮಾಡುತ್ತಾರೆ. ಮನೆ ನಡೆಸುವವರಿಗೆ ಅನುಕೂಲವೇ, ಯಾಕೆಂದರೆ ಯಾವ ತಿಂಗಳೂ ಬಿಲ್ಲು ದಿಢೀರ್ ಅಂತ ಏರುವುದಿಲ್ಲ. ಆದರೆ ಆ ಕಂತು ಬಿಲ್ಲಲ್ಲ, ಬರೀ ಒಂದು ಊಹೆ. ಬಿಲ್ಲು ಇರುವುದು ಮೀಟರಿನಲ್ಲಿ.

ದುಡ್ಡಿನ ಬದಲು ಯುನಿಟ್‌ನಲ್ಲೇ ಒಂದು ಲೆಕ್ಕ ಹಾಕೋಣ. ಒಂದು ಯುನಿಟ್ ಅಂದರೆ ಒಂದು ಕಿಲೋವ್ಯಾಟ್ ಅವರ್. ಎರಡು ಕಿಲೋವ್ಯಾಟಿನ ಹೀಟರ್ ಅರ್ಧ ಗಂಟೆ ಉರಿದರೆ ಒಂದು ಯುನಿಟ್. ಒಂದು ಮನೆಗೆ ವರ್ಷಕ್ಕೆ 3,600 ಯುನಿಟ್ ಬೇಕು ಅಂತಿಟ್ಟುಕೊಳ್ಳಿ. ಎಂಟು ತಿಂಗಳು ತಿಂಗಳಿಗೆ 220 ಯುನಿಟ್, ಹೀಟರ್ ಹಾಕಲೇಬೇಕಾದ ನಾಲ್ಕು ತಿಂಗಳು 460 ಯುನಿಟ್. ಸಮನಾಗಿ ಹಂಚಿದರೆ ತಿಂಗಳಿಗೆ 300 ಯುನಿಟ್‌ನ ದುಡ್ಡು ಕಟ್ಟಬೇಕು. ಆದರೆ ಕಂತು 240 ಯುನಿಟ್‌ನಷ್ಟೇ ಇದೆ.

ಈಗ ಏನಾಗುತ್ತದೆ ನೋಡಿ. ಮೊದಲ ಎಂಟು ತಿಂಗಳು ಖಾತೆಯಲ್ಲಿ ಬಾಕಿ ಇರಲಿ, ತಿಂಗಳಿಗೆ 20 ಯುನಿಟ್ ಜಮೆ ಆಗುತ್ತಾ ಹೋಗುತ್ತದೆ. ಎಂಟನೇ ತಿಂಗಳ ಕೊನೆಗೆ 160 ಯುನಿಟ್ ಜಮೆ. ಮನೆಯವರಿಗೆ ಖುಷಿ. ನಾವು ಜಾಸ್ತಿ ಕಟ್ಟುತ್ತಿದ್ದೇವೆ ಅಂತ ಫೋನ್ ಮಾಡಿ ಕಂತು ಇಳಿಸಿಕೊಳ್ಳುವವರೂ ಇದ್ದಾರೆ. ಆಮೇಲೆ ಚಳಿ ಶುರುವಾಗುತ್ತದೆ. ತಿಂಗಳಿಗೆ 220 ಯುನಿಟ್ ಖೋತಾ. ನಾಲ್ಕೇ ತಿಂಗಳಲ್ಲಿ ಆ ಜಮೆ ಕರಗಿ 720 ಯುನಿಟ್ ಬಾಕಿ ನಿಲ್ಲುತ್ತದೆ. ನಿಜ ಹೇಳಬೇಕೆಂದರೆ, ಚಳಿಗಾಲದ ಹೊಸ್ತಿಲಲ್ಲಿ ಆ ಖಾತೆಯಲ್ಲಿ 640 ಯುನಿಟ್ ಜಮೆ ಇರಬೇಕಿತ್ತು. 160 ಇತ್ತು ಅಂದರೆ ಆ ದಿನವೇ 480 ಯುನಿಟ್ ಹಿಂದೆ ಬಿದ್ದಾಗಿತ್ತು. ಖಾತೆಯಲ್ಲಿ ಜಮೆ ಅಂತ ಹಸಿರು ಅಕ್ಷರದಲ್ಲಿ ಬರೆದಿದ್ದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ ಅಷ್ಟೆ. ಸೆಕೆ ಜಾಸ್ತಿ ಇರುವ ಕಡೆ ಇದೇ ಕಥೆ ಎಸಿ ಹಾಕುವ ತಿಂಗಳುಗಳಲ್ಲಿ ನಡೆಯುತ್ತದೆ.

ಇದಕ್ಕೆ ದರ ಏರಿಕೆ ಸೇರಿದರೆ ಮುಗೀತು. ಯುನಿಟ್ ದರ ಶೇ. 20 ಏರಿದರೆ, 240 ಯುನಿಟ್ ಕೊಳ್ಳುತ್ತಿದ್ದ ಅದೇ ಕಂತು ಈಗ 200 ಯುನಿಟ್ ಕೊಳ್ಳುತ್ತದೆ. ಮನೆಯಲ್ಲಿ ಒಂದು ಬಲ್ಬು ಜಾಸ್ತಿ ಉರಿದಿಲ್ಲ. ಆದರೂ ವರ್ಷದ ಸರಾಸರಿ ತೆಗೆದರೆ ತಿಂಗಳ ಖೋತಾ 60ರಿಂದ 100 ಯುನಿಟ್‌ಗೆ ಹೋಯಿತು. ಬ್ರಿಟನ್ನಿನಲ್ಲಿ 2022ರ ಏಪ್ರಿಲ್‌ನಲ್ಲಿ ಮನೆ ಬಳಕೆಯ ಕರೆಂಟು, ಗ್ಯಾಸಿನ ಬೆಲೆ ಮಿತಿ (ಕಂಪನಿಗಳು ಕೇಳಬಹುದಾದ ಗರಿಷ್ಠ ದರ) ಒಂದೇ ಏಟಿಗೆ ಶೇ. 54 ಏರಿತು. ಹಳೇ ಕಂತಿನಲ್ಲೇ ಉಳಿದ ಮನೆಗಳ ಗತಿ ಏನಾಗಿರಬೇಕು ಅಂತ ಮೇಲಿನ ಲೆಕ್ಕವೇ ಹೇಳುತ್ತದೆ. 2025ರ ಹೊತ್ತಿಗೆ ಅಲ್ಲಿನ ಮನೆಗಳ ಇಂಧನ ಬಾಕಿ 400 ಕೋಟಿ ಪೌಂಡ್ ದಾಟಿತ್ತು. ಅದರಲ್ಲಿ ದೊಡ್ಡ ಪಾಲಿಗೆ ಹೇಗೆ ತೀರಿಸುತ್ತಾರೆ ಅನ್ನುವ ಒಪ್ಪಂದವೇ ಆಗಿರಲಿಲ್ಲ.

ಕಂತು ಕಡಿಮೆ ಇಡುವುದು ಯಾರಿಗೆ ಬೇಕು? ಒಂದು ಮಟ್ಟಿಗೆ ಎಲ್ಲರಿಗೂ ಬೇಕು. ಹೊಸ ಗ್ರಾಹಕರನ್ನು ಸೆಳೆಯುವ ಕಂಪನಿಗೆ ತಿಂಗಳ ಮೊತ್ತ ಸಣ್ಣದಾಗಿ ಕಂಡಷ್ಟೂ ಒಳ್ಳೆಯದು. ಸೇರಿಕೊಳ್ಳುವಾಗ ಎಷ್ಟು ರೂಮು, ಎಷ್ಟು ಜನ ಅಂತ ಎರಡು ಪ್ರಶ್ನೆ ಕೇಳಿ ಒಂದು ಅಂಕಿ ಕೊಡುತ್ತಾರೆ. ನಾವೂ ಅಷ್ಟೇ, ಕಡಿಮೆ ಅಂಕಿ ಕಂಡರೆ ಮರುಪ್ರಶ್ನೆ ಹಾಕುವುದಿಲ್ಲ. ಮಗು ಹುಟ್ಟಿದೆ, ಅಮ್ಮ ಬಂದು ನಮ್ಮ ಜೊತೆ ಇದ್ದಾರೆ, ಕೆಲಸ ಮನೆಯಿಂದಲೇ ಅಂತಾಗಿದೆ ಅಂತ ಯಾರಾದರೂ ಕರೆಂಟು ಕಂಪನಿಗೆ ಫೋನ್ ಮಾಡಿ ಹೇಳುತ್ತಾರಾ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಇಂಥ ಹೊತ್ತಲ್ಲಿ ಬುದ್ಧಿ ಹೇಳುವವರು ಸಿಗುತ್ತಾರೆ. ಹಾಸಿಗೆ ಎಷ್ಟುದ್ದ ಅಂತ ತಪ್ಪು ಅಳತೆ ಕೊಟ್ಟರೆ ಕಾಲು ಏನು ಮಾಡೀತು?

ಹಾಗಾದರೆ ಮೊದಲೇ ಜಾಸ್ತಿ ಕಟ್ಟಿಬಿಡೋಣ ಅನ್ನಬಹುದು. ಅದೂ ಪೂರ್ತಿ ಸರಿಯಲ್ಲ. ನಮ್ಮ ಜಮೆ ಕಂಪನಿಗೆ ಬಡ್ಡಿ ಇಲ್ಲದ ಬಂಡವಾಳ. ಬ್ರಿಟನ್ನಿನಲ್ಲಿ 2021ರಿಂದ ಈಚೆಗೆ ಹತ್ತಿರ ಹತ್ತಿರ ಮೂವತ್ತು ಪೂರೈಕೆ ಕಂಪನಿಗಳು ಮುಳುಗಿದವು. ಅವುಗಳಲ್ಲಿ ಕೆಲವು ಗ್ರಾಹಕರ ಜಮೆಯ ದುಡ್ಡಲ್ಲೇ ದಿನ ದೂಡುತ್ತಿದ್ದವು. ಜನರ ಜಮೆ ಉಳಿಯಿತು, ಆದರೆ ಅದರ ಖರ್ಚು ಸುತ್ತಿ ಬಳಸಿ ಎಲ್ಲರ ಬಿಲ್ಲಿಗೇ ಬಂತು. ಚಳಿಗಾಲಕ್ಕೆ ಬೇಕಾದಷ್ಟು ಜಮೆ ಇರಲಿ, ಅದಕ್ಕಿಂತ ಜಾಸ್ತಿ ಇದ್ದರೆ ವಾಪಸ್ ಕೇಳಿ.

ಬಾಕಿ ಪತ್ರ ಈಗಾಗಲೇ ಬಂದಿದ್ದರೆ? ದುಡ್ಡು ಹೊಂದಿಸಲು ಓಡುವ ಮುಂಚೆ ಮೀಟರ್ ಹತ್ತಿರ ಹೋಗಿ.

ನಮ್ಮ ಮೀಟರ್ ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿತ್ತು. ಟಾರ್ಚ್ ಹಿಡಿದು, ಮಂಡಿಯೂರಿ, ಜೇಡರ ಬಲೆ ಸರಿಸಿ ನೋಡಿದೆ. ಅದು ಮುಳ್ಳಿನ ಹಳೇ ಮೀಟರ್, ಗಡಿಯಾರದಂಥ ಐದು ಸಣ್ಣ ಮುಖಗಳು. ಇದನ್ನು ಓದುವುದರಲ್ಲಿ ಒಂದು ಮರ್ಮ ಇದೆ. ಅಕ್ಕಪಕ್ಕದ ಮುಳ್ಳುಗಳು ಎದುರುಬದುರು ದಿಕ್ಕಿಗೆ ತಿರುಗುತ್ತವೆ, ಯಾಕೆಂದರೆ ಒಳಗೆ ಒಂದು ಹಲ್ಲುಗಾಲಿ ಇನ್ನೊಂದನ್ನು ತಿರುಗಿಸುತ್ತದೆ. ಮುಳ್ಳು ಎರಡು ಅಂಕಿಗಳ ನಡುವೆ ಇದ್ದರೆ ಸಣ್ಣದನ್ನು ಬರೆದುಕೊಳ್ಳಬೇಕು. 9 ಮತ್ತು 0 ನಡುವೆ ಇದ್ದರೆ 9. ಕೆಂಪು ಮುಖ ಇದ್ದರೆ ಅದನ್ನು ಬಿಟ್ಟುಬಿಡಿ. ನಾನು ಮೊದಲ ಸಲ ಓದಿದಾಗ ಎಲ್ಲಾ ಮುಳ್ಳನ್ನೂ ಒಂದೇ ದಿಕ್ಕಿಗೆ ಅಂದುಕೊಂಡು ಎರಡು ಅಂಕಿ ತಪ್ಪು ಬರೆದುಕೊಂಡಿದ್ದೆ. ಫೋಟೋ ತೆಗೆದಿದ್ದರಿಂದ ಬಚಾವಾದೆ. ಅಂಕಿಯ ಮೀಟರ್ ಆದರೆ ಈ ತಾಪತ್ರಯ ಇಲ್ಲ. ಯಾವುದೇ ಆಗಲಿ, ಫೋಟೋದಲ್ಲಿ ರೀಡಿಂಗ್ ಜೊತೆ ಮೀಟರಿನ ನಂಬರೂ ಕಾಣಬೇಕು.

ಆ ನಂಬರ್ ಬಿಲ್ಲಿನಲ್ಲಿರುವ ನಂಬರಿಗೆ ಹೊಂದುತ್ತಾ ನೋಡಿ. ಅಪಾರ್ಟ್‌ಮೆಂಟುಗಳಲ್ಲಿ ಪಕ್ಕದ ಮನೆಯ ಮೀಟರ್ ನಮ್ಮ ಹೆಸರಿಗೆ ಸೇರಿಕೊಂಡಿರುವುದು ಅಪರೂಪವೇನಲ್ಲ. ಆಮೇಲೆ ಮನೆಯ ಎಲ್ಲಾ ಸ್ವಿಚ್ಚು ಆರಿಸಿ, ಫ್ರಿಜ್ಜಿನ ಪ್ಲಗ್ಗೂ ತೆಗೆದು, ಹತ್ತು ನಿಮಿಷ ಮೀಟರನ್ನೇ ದಿಟ್ಟಿಸಿ. ಆಗಲೂ ಓಡುತ್ತಿದ್ದರೆ ಎಲ್ಲೋ ಎಡವಟ್ಟಿದೆ. ಮೀಟರ್ ಕೆಟ್ಟಿರಬಹುದು, ಇಲ್ಲವೇ ಬೇರೆ ಯಾರದೋ ತಂತಿ ನಿಮ್ಮ ಮೀಟರಿಗೆ ಸಿಕ್ಕಿಕೊಂಡಿರಬಹುದು.

ಪೈಪಿನಲ್ಲಿ ಗ್ಯಾಸ್ ಬರುವ ಮನೆಗಳ ಗ್ಯಾಸ್ ಮೀಟರಿನಲ್ಲಿ ಇನ್ನೊಂದು ಬಗೆಯ ತಪ್ಪು ಆಗುತ್ತದೆ. ಅದು ಅಳೆಯುವುದು ಗ್ಯಾಸಿನ ಗಾತ್ರವನ್ನು. ಬಿಲ್ಲಿನಲ್ಲಿ ಅದನ್ನು ಕಿಲೋವ್ಯಾಟ್ ಅವರ್‌ಗೆ ಬದಲಾಯಿಸುತ್ತಾರೆ. ಬ್ರಿಟನ್ನಿನಲ್ಲಿ ಹಳೇ ಮೀಟರುಗಳು ನೂರು ಘನ ಅಡಿಗಳ ಲೆಕ್ಕದಲ್ಲಿ ಓಡುತ್ತವೆ, ಹೊಸವು ಘನ ಮೀಟರ್ ಲೆಕ್ಕದಲ್ಲಿ. ನೂರು ಘನ ಅಡಿ ಅಂದರೆ 2.83 ಘನ ಮೀಟರ್. ಕಂಪನಿಯ ದಾಖಲೆಯಲ್ಲಿ ಮೀಟರಿನ ಜಾತಿ ಅದಲುಬದಲಾದರೆ ಬಿಲ್ಲು ಮೂರು ಪಟ್ಟಿನ ಹತ್ತಿರ ಏರುತ್ತದೆ, ಇಲ್ಲವೇ ಮೂರರಲ್ಲಿ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಇಳಿದಾಗ ಯಾರೂ ದೂರು ಕೊಡುವುದಿಲ್ಲ, ಅಲ್ವಾ? ವರ್ಷಗಳ ಮೇಲೆ ಅದು ಪತ್ತೆಯಾದಾಗ ಒಟ್ಟಿಗೇ ಬಂದು ಬೀಳುತ್ತದೆ.

ಹಾಗೆ ಒಟ್ಟಿಗೆ ಬಿದ್ದದ್ದನ್ನೆಲ್ಲ ಕಟ್ಟಲೇಬೇಕು ಅಂತೇನೂ ಇಲ್ಲ. ಎಷ್ಟು ಹಿಂದಿನದನ್ನು ಕೇಳಬಹುದು ಅನ್ನುವುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಗಡಿ ಇದೆ. ಬ್ರಿಟನ್ನಿನಲ್ಲಿ 2018ರಿಂದ, ತಪ್ಪು ಗ್ರಾಹಕರದಲ್ಲದಿದ್ದರೆ, ಹನ್ನೆರಡು ತಿಂಗಳಿಗಿಂತ ಹಿಂದಿನ ಬಳಕೆಗೆ ಹೊಸದಾಗಿ ಬಿಲ್ಲು ಹಾಕುವಂತಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ನಿಯಮದಲ್ಲಿ ಈ ಗಡಿ ಒಂಬತ್ತು ತಿಂಗಳು. ಜೊತೆಗೆ, ಕಡಿಮೆ ಬಿಲ್ಲು ಹಾಕಿದ್ದು ಕಂಪನಿಯೇ ಆದ್ದರಿಂದ ಅದಕ್ಕೆ ಬಡ್ಡಿ ಹಾಕುವಂತಿಲ್ಲ, ಕಂತಿನಲ್ಲಿ ಕಟ್ಟಲು ಬಿಡಬೇಕು. ಭಾರತದ 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನ ಪ್ರಕಾರ ಎರಡು ವರ್ಷ. ಆದರೆ ಇದರಲ್ಲೊಂದು ಸಣ್ಣ ಗಂಟಿದೆ. 2020ರಲ್ಲಿ ಸುಪ್ರೀಂ ಕೋರ್ಟು ಆ ಎರಡು ವರ್ಷ ಲೆಕ್ಕಕ್ಕೆ ಬರುವುದು ಕರೆಂಟು ಬಳಸಿದ ದಿನದಿಂದಲ್ಲ, ಬಿಲ್ಲು ಕೊಟ್ಟ ದಿನದಿಂದ ಅಂತ ಹೇಳಿತು. ತಪ್ಪು ಲೆಕ್ಕ ಆಗಿದ್ದರೆ ತಡವಾಗಿಯೂ ಹೆಚ್ಚುವರಿ ಬಿಲ್ಲು ಕೊಡಬಹುದು, ಆದರೆ ಗಡುವು ಮೀರಿದ ಮೇಲೆ ಅದಕ್ಕಾಗಿ ಲೈನ್ ಕಟ್ ಮಾಡುವಂತಿಲ್ಲ ಅಂತಲೂ ಹೇಳಿತು. ಇಷ್ಟು ಗೊತ್ತಿದ್ದರೆ ಫೋನಿನಲ್ಲಿ ಮಾತಾಡುವ ಧಾಟಿಯೇ ಬೇರೆಯಾಗುತ್ತದೆ.

ಬಾಕಿ ನಿಜವೇ ಅಂತ ಗೊತ್ತಾದ ಮೇಲೆ ಮುಖ್ಯವಾದ ಕೆಲಸ ಒಂದಿದೆ. ಎರಡು ಅಂಕಿಗಳನ್ನು ಬೇರೆ ಬೇರೆ ಮಾಡಿಸುವುದು. ಒಂದು, ಈಗಿನ ಬಳಕೆಗೆ ಬೇಕಾದ ಮೊತ್ತ. ಇನ್ನೊಂದು, ಹಳೇ ಬಾಕಿಯ ಕಂತು. ಮೇಲಿನ ಮನೆಯನ್ನೇ ತಗೊಳ್ಳಿ. ಈಗಿನ ಬಳಕೆಗೆ 300 ಯುನಿಟ್ ಬೇಕು. 720 ಯುನಿಟ್ ಬಾಕಿಯನ್ನು ಹನ್ನೆರಡು ತಿಂಗಳಿಗೆ ಹರಡಿದರೆ 60. ಒಟ್ಟು 360. ಅಂದರೆ 240ರಿಂದ ಒಂದೇ ಸಲ ಒಂದೂವರೆ ಪಟ್ಟು. ಇದನ್ನು ಒಂದೇ ಅಂಕಿಯಾಗಿ ಪತ್ರದಲ್ಲಿ ನೋಡಿದಾಗ ಎದೆ ಧಸಕ್ಕೆನ್ನುತ್ತದೆ. ಬೇರೆ ಮಾಡಿ ನೋಡಿದರೆ ಮಾತಾಡಲು ಜಾಗ ಸಿಗುತ್ತದೆ. 300 ಅನ್ನುವುದು ಚೌಕಾಸಿ ಮಾಡುವ ಅಂಕಿಯಲ್ಲ. ಅದನ್ನು ಇಳಿಸಿದರೆ ಹೊಸ ಬಾಕಿ ಶುರುವಾಗುತ್ತದೆ. 60 ಮಾತ್ರ ಚೌಕಾಸಿಗೆ ಬಿಟ್ಟದ್ದು. ಎರಡು ವರ್ಷಕ್ಕೆ ಹರಡಿದರೆ ಅದು 30 ಆಗುತ್ತದೆ.

ನನ್ನ ಅನುಭವದಲ್ಲಿ ಜನ ಮಾಡುವುದು ಇದರ ಉಲ್ಟಾ. ಹಳೇ ಬಾಕಿ ಬೇಗ ತೀರಲಿ ಅಂತ ಸಾಲ ಸೋಲ ಮಾಡಿ ಒಂದೇ ಸಲ ಕಟ್ಟುತ್ತಾರೆ, ತಿಂಗಳ ಕಂತನ್ನು ಮೊದಲಿನಷ್ಟೇ ಬಿಡುತ್ತಾರೆ. ಮುಂದಿನ ವರ್ಷ ಅದೇ ಪತ್ರ ಮತ್ತೆ ಬರುತ್ತದೆ. ಸೋರುವ ನಲ್ಲಿ ಬಿಟ್ಟು ನೆಲ ಒರೆಸಿದ ಹಾಗೆ. ಕ್ರೆಡಿಟ್ ಕಾರ್ಡಿನಿಂದಲೋ, ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವವರಿಂದಲೋ ತಂದು ಕಟ್ಟುವುದಂತೂ ಕೆಟ್ಟ ಲೆಕ್ಕ. ಎಷ್ಟೋ ಕಡೆ ಕರೆಂಟು ಬಾಕಿಯ ಕಂತಿಗೆ ಬಡ್ಡಿಯೇ ಇಲ್ಲ. ಜರ್ಮನಿಯಲ್ಲಿ ಮೂಲ ಪೂರೈಕೆಯ (ಬೇರೆ ಕಂಪನಿ ಆರಿಸಿಕೊಳ್ಳದವರಿಗೆ ತಾನಾಗೇ ಸಿಗುವ ಕರೆಂಟಿನ) ಗ್ರಾಹಕರ ಲೈನ್ ಕಟ್ ಮಾಡುವ ಮುಂಚೆ ಬಡ್ಡಿ ಇಲ್ಲದ ಕಂತಿನ ಒಪ್ಪಂದವನ್ನು ಕಂಪನಿಯೇ ಮುಂದಿಡಬೇಕು. ಅಂಥ ಬಾಕಿಯನ್ನು ತೀರಿಸಲು ಬಡ್ಡಿ ಸಾಲ ಮಾಡಿದರೆ ಬಾಕಿ ತೀರುವುದಿಲ್ಲ, ಬೇರೆ ಹೆಸರಿನಲ್ಲಿ ಬೆಳೆಯುತ್ತದೆ.

ಹಾಗಂತ ಕರೆಂಟು ಬಾಕಿಯನ್ನು ಕೊನೆಗೆ ತಳ್ಳಬೇಡಿ. ಯಾವ ಸಾಲಕ್ಕೆ ಬಡ್ಡಿ ಜಾಸ್ತಿ ಅಂತ ಮಾತ್ರ ನೋಡಿದರೆ ಸಾಲದು, ಕಟ್ಟದಿದ್ದರೆ ಮನೆಗೆ ಏನಾಗುತ್ತದೆ ಅಂತಲೂ ನೋಡಬೇಕು. ಕಾರ್ಡಿನ ಸಾಲ ಕಟ್ಟದಿದ್ದರೆ ಫೋನು ಬರುತ್ತದೆ, ಕರೆಂಟಿನ ಬಾಕಿ ಕಟ್ಟದಿದ್ದರೆ ದೀಪ ಆರುತ್ತದೆ. ತಕರಾರು ಇದ್ದರೂ ಈಗಿನ ಬಳಕೆಯ ದುಡ್ಡು ಕಟ್ಟುತ್ತಲೇ ಇರಿ. ಜಗಳ ಹಳೇದರ ಮೇಲಿದೆ ಅಂತ ತೋರಿಸಲು ಅದೇ ಸಾಕ್ಷಿ. ಕಂತು ಒಪ್ಪಿಕೊಳ್ಳುವಾಗ ಮರ್ಯಾದೆಗೆ ಅಂಜಿ ದೊಡ್ಡ ಅಂಕಿ ಹೇಳಬೇಡಿ. ಎರಡನೇ ತಿಂಗಳಿಗೆ ಮುರಿದು ಬೀಳುವ ದೊಡ್ಡ ಕಂತಿಗಿಂತ ಎರಡು ವರ್ಷ ಎಳೆಯುವ ಸಣ್ಣ ಕಂತೇ ವಾಸಿ. ಮಾತಾಡಿದ್ದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ನಾನು ಮೂರು ಸಲ ಫೋನ್ ಮಾಡಿದಾಗ ಮೂರು ಬೇರೆ ಬೇರೆ ಅಂಕಿ ಹೇಳಿದ್ದರು.

ಬಳಕೆ ಇಳಿಸಿದರೆ ಆಗಲ್ವಾ ಅಂತ ಕೇಳುತ್ತಾರೆ. ಆಗುತ್ತದೆ, ಆದರೆ ಇಳಿಸಬೇಕಾದ ಕಡೆ ಇಳಿಸಬೇಕು. ಒಂಬತ್ತು ವ್ಯಾಟಿನ ಬಲ್ಬು ನೂರು ಗಂಟೆ ಉರಿದರೂ ಒಂದು ಯುನಿಟ್ ಆಗುವುದಿಲ್ಲ. ನೂರು ಲೀಟರ್ ನೀರನ್ನು ಮೂವತ್ತು ಡಿಗ್ರಿ ಬಿಸಿ ಮಾಡಲು ಹೆಚ್ಚುಕಡಿಮೆ ಮೂರೂವರೆ ಯುನಿಟ್ ಬೇಕು. ಬಿಸಿ ಮಾಡುವುದು, ತಂಪು ಮಾಡುವುದು, ಇವೆರಡೇ ಬಿಲ್ಲಿನ ಹೊಟ್ಟೆ. ಲೈಟು ಆರಿಸಿ ಅಂತ ಮಕ್ಕಳ ಮೇಲೆ ಕೂಗಾಡುವುದರಿಂದ ಬಾಕಿ ತೀರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಟ್ಟಲು ಶಕ್ತಿ ಇರುವ, ಆದರೆ ತಪ್ಪು ಅಂಕಿಗೆ ಸಿಕ್ಕಿಕೊಂಡ ಮನೆಗಳ ಮಾತು. ಇನ್ನೊಂದು ಬಗೆಯ ಮನೆಗಳಿವೆ. ಅವರಿಗೆ 300 ಅನ್ನುವ ಸರಿಯಾದ ಅಂಕಿಯೇ ಭಾರ. ಅಂಥವರೇ ಫೋನ್ ಮಾಡಿ ಕಂತು 240 ಇರಲಿ ಅಂತ ಬೇಡಿಕೊಂಡಿರುತ್ತಾರೆ. ಅವರಿಗೆ ಲೆಕ್ಕ ಗೊತ್ತಿಲ್ಲ ಅಂತಲ್ಲ, ಬೇರೆ ದಾರಿ ಇರುವುದಿಲ್ಲ. ಇವರಿಗೆ ಬಾಕಿಯನ್ನು ಎಷ್ಟು ಉದ್ದಕ್ಕೆ ಹರಡಿದರೂ ಪ್ರಯೋಜನ ಇಲ್ಲ. ಈ ವ್ಯತ್ಯಾಸವನ್ನು ಗುರುತಿಸದ ಯಾವ ಯೋಜನೆಯೂ ಕೆಲಸ ಮಾಡುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬಲವಂತ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದನ್ನು ಬ್ರಿಟನ್ ನೋಡಿದೆ. ಬಾಕಿ ಇದ್ದವರ ಮನೆಗೆ ಕೋರ್ಟ್ ವಾರಂಟ್ ಹಿಡಿದು ನುಗ್ಗಿ, ಮೊದಲೇ ದುಡ್ಡು ತುಂಬಬೇಕಾದ ಪ್ರೀಪೇಯ್ಡ್ ಮೀಟರ್ ಕೂರಿಸುವುದು ಅಲ್ಲಿ ನಡೆಯುತ್ತಿತ್ತು. ಹುಷಾರಿಲ್ಲದವರು, ಪುಟ್ಟ ಮಕ್ಕಳಿರುವವರ ಮನೆಗೂ ನುಗ್ಗಿದ್ದಾರೆ ಅಂತ ಪತ್ರಿಕೆಯಲ್ಲಿ ಬಂದ ಮೇಲೆ, 2023ರ ಫೆಬ್ರವರಿಯಲ್ಲಿ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಅದನ್ನು ನಿಲ್ಲಿಸಿ ಅಂತ ಕಂಪನಿಗಳಿಗೆ ಹೇಳಿತು. ಆಮೇಲೆ ಬಿಗಿಯಾದ ನಿಯಮ ಬಂತು. ಪ್ರೀಪೇಯ್ಡ್ ಮೀಟರಿನಲ್ಲಿ ಯಾರೂ ಬಂದು ಲೈನ್ ಕಟ್ ಮಾಡುವುದಿಲ್ಲ. ದುಡ್ಡು ಮುಗಿದ ದಿನ ಮನೆಯವರೇ ಕತ್ತಲಲ್ಲಿ ಕೂರುತ್ತಾರೆ.

ಕ್ಯಾಲಿಫೋರ್ನಿಯಾದವರು ಬೇರೆ ದಾರಿ ಹಿಡಿದರು. 2021ರಲ್ಲಿ ಅಲ್ಲಿ ಕಡಿಮೆ ಆದಾಯದ ಮನೆಗಳಿಗೆ ಒಂದು ಯೋಜನೆ ಬಂತು. ಈಗಿನ ಬಿಲ್ಲನ್ನು ಒಂದು ತಿಂಗಳು ಸರಿಯಾಗಿ ಕಟ್ಟಿದರೆ ಹಳೇ ಬಾಕಿಯಲ್ಲಿ ಹನ್ನೆರಡನೇ ಒಂದು ಭಾಗ ಮನ್ನಾ. ಹನ್ನೆರಡು ತಿಂಗಳು ಕಟ್ಟಿದರೆ ಬಾಕಿ ಚುಕ್ತಾ. ಅದಕ್ಕೆ 8,000 ಡಾಲರಿನ ಮಿತಿ ಇಟ್ಟಿದ್ದರು. ಸುಮ್ನೆ ಮನ್ನಾ ಮಾಡಿದರೆ ಕಟ್ಟುವವರು ದಡ್ಡರಾಗುತ್ತಾರೆ ಅನ್ನುವ ಆಕ್ಷೇಪಣೆಗೆ ಇದರಲ್ಲಿ ಉತ್ತರ ಇದೆ. ಸಾಲಿಗನಿಗೆ ಪ್ರತಿ ತಿಂಗಳೂ ಗುಡ್ಡ ಸ್ವಲ್ಪ ಕರಗಿದ್ದು ಕಣ್ಣಿಗೆ ಕಾಣುತ್ತದೆ, ಕಂಪನಿಗೆ ಪ್ರತಿ ತಿಂಗಳೂ ದುಡ್ಡು ಬರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಮೇ ತಿಂಗಳಿಂದ ಸಾಲದಲ್ಲಿ ಮುಳುಗಿದವರಿಗೆ 60 ದಿನದ ಬಿಡುವು ಸಿಗುತ್ತದೆ. ಆ ದಿನಗಳಲ್ಲಿ ವಸೂಲಿಗೆ ಬರುವಂತಿಲ್ಲ, ಆದರೆ ಈಗಿನ ಬಿಲ್ಲು ಕಟ್ಟುತ್ತಿರಬೇಕು. ಎರಡೂ ಕಡೆ ಹಳೇದನ್ನೂ ಹೊಸದನ್ನೂ ಬೇರೆ ಮಾಡಿದ್ದಾರೆ ನೋಡಿ.

ನನ್ನ ಕಥೆ ಇಷ್ಟು ದೊಡ್ಡದೇನಲ್ಲ. ಮೀಟರ್ ಫೋಟೋ ಕಳಿಸಿದೆ. ಮನೆಗೆ ಬಂದ ದಿನದ ರೀಡಿಂಗ್ ನನ್ನ ಹತ್ತಿರ ಇರಲಿಲ್ಲ. ಅದೃಷ್ಟಕ್ಕೆ ಮನೆ ಮಾಲೀಕರು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರು. ಅದನ್ನು ಹಿಡಿದು ಲೆಕ್ಕ ಹಾಕಿದಾಗ ಬಾಕಿ ನಾಲ್ಕನೇ ಒಂದು ಭಾಗ ಇಳಿಯಿತು, ಯಾಕೆಂದರೆ ನಾವು ಬರುವ ಮುಂಚಿನ ಕೆಲವು ಯುನಿಟ್ಟೂ ನಮ್ಮ ತಲೆಗೇ ಕಟ್ಟಿದ್ದರು. ಉಳಿದದ್ದನ್ನು ಹನ್ನೆರಡು ಕಂತು ಮಾಡಿಸಿಕೊಂಡೆ. ಅಲ್ಲಿಂದ ಪ್ರತಿ ತಿಂಗಳ ಒಂದನೇ ತಾರೀಕು ಮೆಟ್ಟಿಲ ಕೆಳಗೆ ಮಂಡಿಯೂರಿ ರೀಡಿಂಗ್ ಬರೆದುಕೊಂಡು ಕಳಿಸುತ್ತೇನೆ. ಮಗಳು ಅದಕ್ಕೆ ಅಪ್ಪನ ಮೀಟರ್ ಪೂಜೆ ಅನ್ನುತ್ತಾಳೆ.

ಆದರೂ ಒಂದು ಕಡೆ ಎಡವಿದೆ. ಹನ್ನೆರಡು ಕಂತು ಮುಗಿದ ಮೇಲೆ ಮೊತ್ತ ತಾನಾಗೇ ಇಳಿಯುತ್ತದೆ ಅಂದುಕೊಂಡಿದ್ದೆ. ಹದಿನಾಲ್ಕನೇ ತಿಂಗಳೂ ಅಷ್ಟೇ ದುಡ್ಡು ಹೋಯಿತು. ಫೋನ್ ಮಾಡಿದೆ. ಆ ಕಡೆಯ ಹುಡುಗಿ ಖಾತೆ ತೆಗೆದು ನೋಡಿ, ‘ಹೌದು ಸರ್, ನಿಮ್ಮ ಬಾಕಿ ತೀರಿ ಎರಡು ತಿಂಗಳಾಯ್ತು. ಕಂತು ಇಳಿಸಿ ಅಂತ ನೀವು ಹೇಳಲೇ ಇಲ್ವಲ್ಲ’ ಅಂದಳು.